ರಕ್ತದಲ್ಲೇ ಬಂದುಬಿಡುತ್ತದಾ ವಿದ್ಯೆ?

ಮೊದಲೇ ಹೇಳಿಬಿಡುತ್ತೇನೆ, ಜಾಕಿ ಚಾನ್ ಸಿನಿಮಾ ನೋಡಬೇಡಿ ಅಂತ ಮಕ್ಕಳಿಗೆ ಬುದ್ಧಿ ಹೇಳುವ ಮೇಷ್ಟ್ರು ನಾನಲ್ಲ. ಕುರ್ಚಿ, ಏಣಿ, ಕೊಡೆ, ಸೈಕಲ್ಲು, ಕೈಗೆ ಸಿಕ್ಕಿದ್ದೆಲ್ಲವನ್ನೂ ಆಯುಧ ಮಾಡಿಕೊಂಡು, ಏಟು ಬಿದ್ದಾಗ ಸುಳ್ಳು ಹೇಳದೆ 'ಅಮ್ಮಾ' ಅಂತ ಕೈ ಒದರಿಕೊಳ್ಳುವ ಹೀರೋ ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ? ನನಗೂ ಇಷ್ಟ. ನನ್ನ ತಕರಾರು ಆತನ ಒಂದೇ ಒಂದು ಸಿನಿಮಾದ ಮೇಲೆ. ಅದರಲ್ಲೂ ಆ ಸಿನಿಮಾದೊಳಗೆ ಅಣ್ಣತಮ್ಮಂದಿರ ನಡುವೆ ಕಟ್ಟಿರುವ, ಕಣ್ಣಿಗೆ ಕಾಣದ ಒಂದು ದಾರದ ಮೇಲೆ.

ಸಿನಿಮಾದ ಹೆಸರು 'ಟ್ವಿನ್ ಡ್ರ್ಯಾಗನ್ಸ್'. ಹಾಂಗ್‌ಕಾಂಗ್‌ನಲ್ಲಿ 1992ರ ಜನವರಿಯಲ್ಲಿ ಬಿಡುಗಡೆಯಾಯಿತು. ನಿರ್ದೇಶಕರು ಇಬ್ಬರು, ತ್ಸುಯಿ ಹಾರ್ಕ್ ಮತ್ತು ರಿಂಗೋ ಲ್ಯಾಮ್. ಅಲ್ಲಿನ ನಿರ್ದೇಶಕರ ಸಂಘಕ್ಕೆ ಕಟ್ಟಡದ ಹಣ ಕೂಡಿಸಲು ಮಾಡಿದ ಸಿನಿಮಾ ಇದು. ಹಾಗಾಗಿ ಚಿಕ್ಕಪುಟ್ಟ ಪಾತ್ರಗಳಲ್ಲೆಲ್ಲ ನಿರ್ದೇಶಕರೇ ಬಂದು ಮುಖ ತೋರಿಸಿ ಹೋಗುತ್ತಾರೆ. ಮದುವೆ ಮಾಡಿಸುವ ಪಾದ್ರಿಯಾಗಿ ಜಾನ್ ವೂ ಬರುತ್ತಾರೆ. ಒಳ್ಳೆಯ ಕೆಲಸಕ್ಕೆ ಎಲ್ಲರೂ ಕೈ ಜೋಡಿಸಿದ ಸಿನಿಮಾ, ಅದಕ್ಕೆ ನನ್ನ ನಮಸ್ಕಾರ. ತಕರಾರು ಕಥೆಯದ್ದು.

ಕಥೆ ಹೀಗಿದೆ. ಆಸ್ಪತ್ರೆಯಲ್ಲಿ ಅವಳಿ ಗಂಡುಮಕ್ಕಳು ಹುಟ್ಟುತ್ತವೆ. ಅದೇ ಹೊತ್ತಿಗೆ ಒಬ್ಬ ಪುಂಡ ಪೊಲೀಸರಿಂದ ತಪ್ಪಿಸಿಕೊಂಡು ಓಡುವಾಗ ಒಂದು ಕೂಸನ್ನು ಎತ್ತಿಕೊಂಡು ಹೋಗುತ್ತಾನೆ. ಉಳಿದ ಕೂಸನ್ನು ಕರೆದುಕೊಂಡು ಅಪ್ಪ ಅಮ್ಮ ಅಮೆರಿಕಕ್ಕೆ ಹೋಗುತ್ತಾರೆ. ಆ ಹುಡುಗ ಜಾನ್, ದೊಡ್ಡವನಾಗಿ ಆರ್ಕೆಸ್ಟ್ರಾ ನಡೆಸುವ ಸಂಗೀತಗಾರನಾಗುತ್ತಾನೆ. ಕಳೆದುಹೋದವನು ಹಾಂಗ್‌ಕಾಂಗ್‌ನ ಬೀದಿಯಲ್ಲಿ ಬೆಳೆದು, ಕಾರು ರಿಪೇರಿ, ರೇಸು, ಹೊಡೆದಾಟ ಅಂತ ಬದುಕುತ್ತಾನೆ. ಇಂಗ್ಲಿಷ್ ಡಬ್ಬಿಂಗಿನಲ್ಲಿ ಅವನ ಹೆಸರು ಬೂಮರ್. ಜಾನ್ ಕಛೇರಿಗೆಂದು ಹಾಂಗ್‌ಕಾಂಗ್‌ಗೆ ಬರುತ್ತಾನೆ. ಅಲ್ಲಿಂದ ಶುರು ಅದಲು ಬದಲು. ಇವನ ಹುಡುಗಿ ಅವನ ಹಿಂದೆ, ಅವನ ಶತ್ರುಗಳು ಇವನ ಹಿಂದೆ.

ಇಲ್ಲಿಯವರೆಗೆ ಸರಿ. ಆದರೆ ಇಬ್ಬರೂ ಹತ್ತಿರ ಬಂದರೆ ಒಬ್ಬನ ಕೈ ಎದ್ದಾಗ ಇನ್ನೊಬ್ಬನ ಕೈಯೂ ಏಳುತ್ತದೆ. ಒಬ್ಬನಿಗೆ ಏಟು ಬಿದ್ದರೆ ಇನ್ನೊಬ್ಬ ಬೆಚ್ಚಿ ಬೀಳುತ್ತಾನೆ. ಇದನ್ನು ಇಟ್ಟುಕೊಂಡು ಎರಡು ಕೆಲಸ ಸಾಧಿಸುತ್ತಾರೆ. ಬೀದಿ ಹುಡುಗ ಬೂಮರ್ ಒಂದು ದಿನ ಸಂಗೀತಗಾರನ ಜಾಗದಲ್ಲಿ ವೇದಿಕೆ ಮೇಲೆ ನಿಂತು ಕೋಲು ಬೀಸಾಡುತ್ತಾನೆ, ಕಛೇರಿ ಹೇಗೋ ನಡೆದುಹೋಗುತ್ತದೆ. ಒಂದು ಗುದ್ದು ಹಾಕಲೂ ಬಾರದ ಸಂಗೀತಗಾರ, ಅಣ್ಣತಮ್ಮನ ಆ ನಂಟಿನ ಬಲದಿಂದ ಪುಂಡರ ಎದುರು ನಿಲ್ಲುತ್ತಾನೆ.

ನೋಡಿದಿರಾ? ಒಬ್ಬ ಇಪ್ಪತ್ತೈದು ವರ್ಷ ಸಂಗೀತ ಕಲಿತ. ಇನ್ನೊಬ್ಬ ಇಪ್ಪತ್ತೈದು ವರ್ಷ ಏಟು ತಿಂದು ಏಟು ಕೊಡುವುದನ್ನು ಕಲಿತ. ಒಂದು ವಾರದಲ್ಲಿ ಅವನದು ಇವನಿಗೆ, ಇವನದು ಅವನಿಗೆ. ಶಾಲೆಯಿಲ್ಲ, ಗುರುವಿಲ್ಲ, ಅಭ್ಯಾಸವಿಲ್ಲ. ಯಾಕೆ? ರಕ್ತ ಒಂದೇ ಅಲ್ಲವೇ!

ಈ ದಾರ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಅಲೆಕ್ಸಾಂಡರ್ ಡ್ಯೂಮಾ 1844ರಲ್ಲೇ 'ಕಾರ್ಸಿಕನ್ ಬ್ರದರ್ಸ್' ಅಂತ ಕಥೆ ಬರೆದಿದ್ದ. ಅಲ್ಲಿ ಒಬ್ಬನ ನೋವು ಇನ್ನೊಬ್ಬನಿಗೆ ತಿಳಿಯುತ್ತದೆ. ಅದನ್ನೇ ಹಿಡಿದು ನಮ್ಮ ದಕ್ಷಿಣದಲ್ಲೂ ಜೆಮಿನಿಯವರು 1949ರಲ್ಲಿ ತಮಿಳಿನಲ್ಲಿ 'ಅಪೂರ್ವ ಸಹೋದರರ್ಗಳ್' ಮಾಡಿದರು. ಆದರೆ ಒಂದು ವ್ಯತ್ಯಾಸ ಗಮನಿಸಿ. ಹಳೆಯ ಕಥೆಯಲ್ಲಿ ದಾರದ ಮೇಲೆ ಹರಿಯುತ್ತಿದ್ದದ್ದು ನೋವು. ಅಣ್ಣನಿಗೆ ಗಾಯವಾದರೆ ತಮ್ಮನಿಗೆ ಸಂಕಟ. ಅದು ಕವಿಯ ಮಾತು, ಒಪ್ಪೋಣ. ಹೊಸ ಸಿನಿಮಾದಲ್ಲಿ ಆ ದಾರದ ಮೇಲೆ ವಿದ್ಯೆಯೂ ಹರಿಯಲು ಶುರುವಾಯಿತು. ನನ್ನ ಜಗಳ ಅಲ್ಲಿಂದ.

ನಮ್ಮ ಕಡೆಗೆ ಇದು ಬಂದ ದಾರಿಯೂ ನಿಮಗೆ ಗೊತ್ತು. 1994ರಲ್ಲಿ ಇ.ವಿ.ವಿ. ಸತ್ಯನಾರಾಯಣ ಅವರು ನಾಗಾರ್ಜುನನನ್ನು ಹಾಕಿಕೊಂಡು ತೆಲುಗಿನಲ್ಲಿ 'ಹಲೋ ಬ್ರದರ್' ತೆಗೆದರು. ರಾಯದುರ್ಗ, ಮಡಕಶಿರಾ, ಆದೋನಿ ಕಡೆ ಅದನ್ನು ನೋಡದ ಮನೆ ಯಾವುದಿತ್ತು? 1997ರಲ್ಲಿ ಹಿಂದಿಯಲ್ಲಿ ಸಲ್ಮಾನ್ ಖಾನನ 'ಜುಡ್ವಾ' ಆಯಿತು. ಅದೇ ವರ್ಷ ಕನ್ನಡದಲ್ಲಿ ರವಿಚಂದ್ರನ್ 'ಚೆಲುವ' ಆದರು. 2017ರಲ್ಲಿ 'ಜುಡ್ವಾ 2' ಕೂಡ ಬಂತು. ಇಷ್ಟು ಭಾಷೆ ದಾಟಿದರೂ ದಾರ ಮಾತ್ರ ಹರಿಯಲೇ ಇಲ್ಲ ನೋಡಿ! ಜಾಕಿ ಚಾನ್‌ನ ಸಿನಿಮಾಗಳಂತೂ ನಮ್ಮ ಮಕ್ಕಳಿಗೆ ಸಿಕ್ಕಿದ್ದು ತೆಲುಗಿನಲ್ಲಿ, ಹಿಂದಿಯಲ್ಲಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಡ್ಡಗೋಡೆ ಇತ್ತಲ್ಲ. ಆ ಜಗಳ ಇನ್ನೊಂದು ದಿನ ಆಡೋಣ.

ಅದಕ್ಕೂ ಮುಂಚಿನ ಅವಳಿಗಳು

ಈಗ ನಮ್ಮ ಅಜ್ಜಿಯರು ನೋಡಿದ ಅವಳಿ ಸಿನಿಮಾ ನೆನಪು ಮಾಡಿಕೊಳ್ಳಿ. 1964ರ ತೆಲುಗು 'ರಾಮುಡು ಭೀಮುಡು'. ಎನ್.ಟಿ.ಆರ್. ದ್ವಿಪಾತ್ರ. ಅದೇ ಕಥೆ 1965ರಲ್ಲಿ ತಮಿಳಿನಲ್ಲಿ ಎಂ.ಜಿ.ಆರ್. ಅವರ 'ಎಂಗ ವೀಟ್ಟು ಪಿಳ್ಳೈ' ಆಯಿತು, 1967ರಲ್ಲಿ ಹಿಂದಿಯಲ್ಲಿ ದಿಲೀಪ್ ಕುಮಾರ್ ಅವರ 'ರಾಮ್ ಔರ್ ಶ್ಯಾಮ್' ಆಯಿತು. ಅಲ್ಲೂ ಒಂದೇ ಮುಖದ ಇಬ್ಬರು. ಒಬ್ಬ ಪುಕ್ಕಲ, ಒಬ್ಬ ಗಟ್ಟಿಗ. ಯಾಕೆ ಹಾಗೆ? ಒಬ್ಬನನ್ನು ಅಕ್ಕನ ಗಂಡ ಚಿಕ್ಕಂದಿನಿಂದ ಚಾವಟಿಯಲ್ಲಿ ಬಡಿದು ಬೆಳೆಸಿದ. ಇನ್ನೊಬ್ಬ ಬೇರೆ ಮನೆಯಲ್ಲಿ ಪ್ರೀತಿಯಿಂದ, ಧೈರ್ಯದಿಂದ ಬೆಳೆದ. ಗಟ್ಟಿಗನ ಧೈರ್ಯ ಗಾಳಿಯಲ್ಲಿ ತೇಲಿ ಬಂದು ಪುಕ್ಕಲನ ಎದೆಯೊಳಗೆ ಸೇರುವುದಿಲ್ಲ. ಚಾವಟಿಯ ಮನೆಯಿಂದ ಹೊರಗೆ ಬಂದು, ಹೊರಗಿನ ಗಾಳಿ ಕುಡಿದ ಮೇಲೆ ಅವನು ಚೇತರಿಸಿಕೊಳ್ಳುತ್ತಾನೆ.

ಅದು ಶಿಕ್ಷಣದ ಸಿನಿಮಾ ಅಂತ ನಾನು ಹೇಳುತ್ತೇನೆ. ಮುಖ ಒಂದೇ ಆದರೂ ಮನೆ ಬೇರೆಯಾದರೆ ಮನುಷ್ಯ ಬೇರೆಯಾಗುತ್ತಾನೆ ಅಂತ ಒಪ್ಪಿಕೊಂಡ ಸಿನಿಮಾ. ಕಪ್ಪುಬಿಳುಪಿನ ಕಾಲದವರಿಗೆ ಗೊತ್ತಿದ್ದ ಮಾತು ಬಣ್ಣದ ಕಾಲದವರಿಗೆ ಮರೆತುಹೋಯಿತೇ?

ವಿಜ್ಞಾನದ ಪಾಠವನ್ನೂ ಸ್ವಲ್ಪ ಸೇರಿಸಿಬಿಡುತ್ತೇನೆ, ಕ್ಷಮಿಸಿ, ಅಭ್ಯಾಸಬಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಿಗೂ ಬೆರಳಚ್ಚು ಬೇರೆ ಬೇರೆ. ಒಂದೇ ಹೊಟ್ಟೆಯೊಳಗೆ ಒಂಬತ್ತು ತಿಂಗಳು ಇದ್ದವರಿಗೇ ಬೆರಳ ತುದಿಯ ಗೆರೆ ಒಂದಾಗಿಲ್ಲ. ಇನ್ನು ಬೆರಳು ಕಲಿತ ಕೆಲಸ ಒಂದಾಗುವುದು ಹೇಗೆ?

ಜಾಕಿ ಚಾನ್ ಕಲಿತದ್ದು ಎಲ್ಲಿ?

ಈಗ ತಮಾಷೆ ನೋಡಿ. ವಿದ್ಯೆ ರಕ್ತದಲ್ಲೇ ಬರುತ್ತದೆ ಅನ್ನುವ ಸಿನಿಮಾದಲ್ಲಿ ಎರಡೂ ಪಾತ್ರ ಮಾಡಿದವನ ಜೀವನವೇ ಆ ಮಾತಿಗೆ ಕೊಡುವ ಏಟು.

ಜಾಕಿ ಚಾನ್ ಹುಟ್ಟಿದ್ದು 1954ರಲ್ಲಿ ಹಾಂಗ್‌ಕಾಂಗ್‌ನಲ್ಲಿ. ಅಪ್ಪ ಅಮ್ಮ ರಾಜತಾಂತ್ರಿಕ ಅಧಿಕಾರಿಯೊಬ್ಬರ ಮನೆಯಲ್ಲಿ ಅಡುಗೆ, ಮನೆಗೆಲಸ ಮಾಡುತ್ತಿದ್ದವರು. ಮುಂದೆ ಕೆಲಸಕ್ಕಾಗಿ ಆಸ್ಟ್ರೇಲಿಯಾಕ್ಕೆ ಹೋದರು. ಹುಡುಗನನ್ನು ಏಳು ವರ್ಷಕ್ಕೇ ಯು ಜಿಮ್-ಯುಎನ್ ಅನ್ನುವ ಗುರುವಿನ ಪೀಕಿಂಗ್ ಒಪೆರಾ ಶಾಲೆಗೆ ಸೇರಿಸಿದರು. ಹತ್ತು ವರ್ಷದ ಕರಾರು. ನಮ್ಮ ಬಯಲಾಟ, ದೊಡ್ಡಾಟದ ಹಾಗೆ ಹಾಡು, ಕುಣಿತ, ಮಾತು, ವೇಷ ಎಲ್ಲ ಸೇರಿದ ಆಟ ಅದು. ಜೊತೆಗೆ ಲಾಗ, ಕತ್ತಿ, ಕೋಲು, ಕುಸ್ತಿ. ನಸುಕಿಗೆ ಎದ್ದರೆ ರಾತ್ರಿ ಮಲಗುವ ತನಕ ಸಾಧನೆ. ತಲೆಕೆಳಗಾಗಿ ಕೈ ಮೇಲೆ ನಿಂತರೆ ಗುರು ಹೇಳುವವರೆಗೆ ಇಳಿಯುವ ಹಾಗಿಲ್ಲ. ಅವನ ಜೊತೆ ಅಲ್ಲಿ ಬೆಳೆದವರೇ ಮುಂದೆ ಹೆಸರು ಮಾಡಿದ ಸ್ಯಾಮೋ ಹಂಗ್, ಯುಎನ್ ಬಿಯಾವ್. 1971ರ ಹೊತ್ತಿಗೆ ಅವನು ಶಾಲೆಯಿಂದ ಹೊರಬಿದ್ದಾಗ ಒಪೆರಾಕ್ಕೆ ಜನ ಕಡಿಮೆಯಾಗಿದ್ದರು. ಸಿನಿಮಾದಲ್ಲಿ ಬೀಳುವ, ಒದೆಸಿಕೊಳ್ಳುವ ಸ್ಟಂಟ್ ಕೆಲಸಕ್ಕೆ ಸೇರಿದ. ಹೆಸರು ಬಂದಿದ್ದು 1978ರಲ್ಲಿ, 'ಡ್ರಂಕನ್ ಮಾಸ್ಟರ್' ಸಿನಿಮಾದಿಂದ. ಏಳನೇ ವಯಸ್ಸಿನಿಂದ ಲೆಕ್ಕ ಹಾಕಿ. ಹದಿನೇಳು ವರ್ಷ!

ಆ ಮೇಲೂ ಬಿಟ್ಟಿಯಾಗಿ ಏನೂ ಸಿಗಲಿಲ್ಲ. 1983ರ 'ಪ್ರಾಜೆಕ್ಟ್ ಎ'ಯಲ್ಲಿ ಗಡಿಯಾರದ ಗೋಪುರದಿಂದ ಬಿದ್ದ. 1986ರ 'ಆರ್ಮರ್ ಆಫ್ ಗಾಡ್'ನಲ್ಲಿ ಮರದಿಂದ ಬಿದ್ದು ತಲೆಬುರುಡೆ ಒಡೆದುಕೊಂಡು ಸಾವಿನ ಹತ್ತಿರ ಹೋಗಿ ಬಂದ. ಯಾವ ಅವಳಿ ಅಣ್ಣ ಅವನ ಪರವಾಗಿ ಅಭ್ಯಾಸ ಮಾಡಿ ಕಳಿಸಿದ್ದ?

ಆ ಶಾಲೆಯನ್ನು ನಾನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಅಲ್ಲಿ ಬೆತ್ತ ಬಹಳ ಮಾತಾಡುತ್ತಿತ್ತು. ಹಾಗೆ ಮಕ್ಕಳನ್ನು ಬಡಿದು ಕಲಿಸುವುದನ್ನು ಯಾವ ಮೇಷ್ಟ್ರೂ ಸಮರ್ಥಿಸಬಾರದು. ಇನ್ನೊಂದು ಸಂಗತಿ ನನಗೆ ಬೆತ್ತಕ್ಕಿಂತ ಹೆಚ್ಚು ಕಾಡುತ್ತದೆ. ಅಲ್ಲಿ ದೇಹಕ್ಕೆ ಹತ್ತು ವರ್ಷ ಪಾಠ ಸಿಕ್ಕಿತು, ಅಕ್ಷರಕ್ಕೆ ಸಿಗಲಿಲ್ಲ. ಓದುಬರಹ ತನಗೆ ಸರಿಯಾಗಿ ಬರಲಿಲ್ಲ ಅಂತ ಜಾಕಿ ಚಾನ್ ದೊಡ್ಡವನಾದ ಮೇಲೆ ತಾನೇ ಹೇಳಿಕೊಂಡಿದ್ದಾನೆ. ಚೀನೀ ಭಾಷೆ ಅವನ ರಕ್ತದಲ್ಲಿ ಇರಲಿಲ್ಲವೇ? ತಾಯಿಭಾಷೆ ಅಲ್ಲವೇ? ಜಗತ್ತಿನ ಅರ್ಧ ಭಾಗಕ್ಕೆ ಮುಖ ಗೊತ್ತಿರುವ ಮನುಷ್ಯನಿಗೆ ತನ್ನ ಭಾಷೆಯ ಅಕ್ಷರ ತಾನಾಗಿ ಬರಲಿಲ್ಲ. ಒದೆಯುವುದನ್ನು ಕಲಿಸಿದರು, ಅದು ಬಂತು. ಓದುವುದನ್ನು ಕಲಿಸಲಿಲ್ಲ, ಅದು ಬರಲಿಲ್ಲ. ಇದಕ್ಕಿಂತ ದೊಡ್ಡ ಪಾಠ ಯಾವ ಬಿ.ಎಡ್. ಪುಸ್ತಕದಲ್ಲಿದೆ?

ಇನ್ನೊಂದು ಸೂಕ್ಷ್ಮ. ತೆರೆಯ ಮೇಲೆ ಇಬ್ಬರ ಕೈ ಒಟ್ಟಿಗೆ ಏಳುವುದನ್ನು ನೋಡಿ ನಾವು ನಗುತ್ತೇವಲ್ಲ, ಅದನ್ನು ತೆಗೆಯುವುದು ಹೇಗೆ? ಆ ಕಾಲದ ದ್ವಿಪಾತ್ರದ ಪದ್ಧತಿ ಹೀಗೆ: ಕ್ಯಾಮೆರಾ ಅಲುಗದ ಹಾಗೆ ಕಟ್ಟಿ, ಅರ್ಧ ಮುಚ್ಚಿ, ನಟ ಒಂದು ಬದಿಯಲ್ಲಿ ನಿಂತು ಮಾಡುತ್ತಾನೆ. ಆಮೇಲೆ ಬಟ್ಟೆ, ತಲೆಗೂದಲು ಬದಲಿಸಿ ಇನ್ನೊಂದು ಬದಿಗೆ ನಿಂತು, ಖಾಲಿ ಜಾಗ ನೋಡಿಕೊಂಡು, ಮೊದಲು ಮಾಡಿದ್ದಕ್ಕೆ ತಾಳ ತಪ್ಪದಂತೆ ಮಾಡಬೇಕು. ಬೆನ್ನು ಕಾಣುವ ಕಡೆ ಬೇರೆ ಒಬ್ಬ ಡೂಪ್ ನಿಲ್ಲುತ್ತಾನೆ. ಎಲ್ಲಿ ತಿರುಗಿದೆ, ಎಷ್ಟು ಎಣಿಕೆಗೆ ಕೈ ಎತ್ತಿದೆ, ಕಣ್ಣು ಎಲ್ಲಿ ಇಟ್ಟಿದ್ದೆ, ಎಲ್ಲ ನೆನಪಿರಬೇಕು. ಅಂದರೆ ನಾವು ಯಾವುದನ್ನು ರಕ್ತದ ದಾರ ಅಂತ ನೋಡುತ್ತೇವೋ ಅದು ಪೂರ್ತಿ ಒಬ್ಬ ಮನುಷ್ಯನ ಅಭ್ಯಾಸ. ಸಿನಿಮಾ ತನ್ನ ಕಷ್ಟವನ್ನು ಮುಚ್ಚಿಟ್ಟು ಮಕ್ಕಳಿಗೆ ಜಾದು ಅಂತ ಹೇಳಿತು.

ವ್ಯಾನ್ ಡ್ಯಾಮ್ ಪರವಾಗಿ ಎರಡು ಮಾತು

ಅದಕ್ಕಿಂತ ಕೆಲವೇ ತಿಂಗಳು ಮುಂಚೆ, 1991ರಲ್ಲಿ, ಇಂಥದೇ ಇನ್ನೊಂದು ಬಂದಿತ್ತು. 'ಡಬಲ್ ಇಂಪ್ಯಾಕ್ಟ್'. ಬೆಲ್ಜಿಯಂನ ಜಾನ್ ಕ್ಲಾಡ್ ವ್ಯಾನ್ ಡ್ಯಾಮ್ ಚಾಡ್ ಮತ್ತು ಅಲೆಕ್ಸ್ ಅನ್ನುವ ಅವಳಿಗಳಾಗಿದ್ದ. ಕಥೆ ನಡೆಯುವುದು ಅದೇ ಹಾಂಗ್‌ಕಾಂಗ್‌ನಲ್ಲಿ. ಅಪ್ಪ ಅಮ್ಮನ ಕೊಲೆಯಾಗುತ್ತದೆ, ಒಬ್ಬ ಮಗ ಅಮೆರಿಕದಲ್ಲಿ, ಇನ್ನೊಬ್ಬ ಹಾಂಗ್‌ಕಾಂಗ್‌ನ ಅನಾಥಾಲಯದಲ್ಲಿ ಬೆಳೆದು, ಇಪ್ಪತ್ತೈದು ವರ್ಷದ ಮೇಲೆ ಸೇಡು. ಸಿನಿಮಾವಾಗಿ ನೋಡಿದರೆ ಜಾಕಿಯದ್ದಕ್ಕಿಂತ ಒರಟು. ರಕ್ತ ಜಾಸ್ತಿ, ನಗು ಕಡಿಮೆ, ಮಕ್ಕಳ ಜೊತೆ ಕೂತು ನೋಡುವಂಥದ್ದೂ ಅಲ್ಲ.

ಆದರೆ ನನ್ನ ಒಂದು ಪ್ರಶ್ನೆಗೆ ಮಾತ್ರ ಅದು ಪಾಸು. ಅಲ್ಲಿ ದಾರ ಇಲ್ಲ. ಚಾಡ್ ಒದೆಯುತ್ತಾನೆ ಅಂದರೆ ಕರಾಟೆ ಶಾಲೆಯಲ್ಲಿ ಕಲಿತು ಕಲಿಸಿದವನು ಅಂತ ತೋರಿಸುತ್ತಾರೆ. ಅಲೆಕ್ಸ್ ಒದೆಯುತ್ತಾನೆ ಅಂದರೆ ಬಂದರಿನ ಕಳ್ಳಸಾಗಣೆಯ ಬದುಕು ಅವನನ್ನು ಹಾಗೆ ಮಾಡಿದೆ. ನಡಿಗೆ ಬೇರೆ, ಸಿಟ್ಟು ಬೇರೆ. ಒಬ್ಬರನ್ನೊಬ್ಬರು ಮೊದಲು ಸಹಿಸುವುದೂ ಇಲ್ಲ. ಒಂದೇ ರಕ್ತ ಅಂತ ತಬ್ಬಿಕೊಂಡರೆ ಸಾಲದು, ಕೂಡಿ ಬಾಳಿ ಸಂಬಂಧ ಕಟ್ಟಬೇಕು ಅನ್ನುವಷ್ಟು ಬುದ್ಧಿ ಆ ಒರಟು ಸಿನಿಮಾಕ್ಕಿತ್ತು. ಆ ನಟನೂ ಹುಡುಗನಾಗಿದ್ದಾಗಿನಿಂದ ಕರಾಟೆ ಮಾಡಿದವನು, ಐದು ವರ್ಷ ಬ್ಯಾಲೆ ನೃತ್ಯವನ್ನೂ ಕಲಿತವನು. ಅವನು ಕಾಲು ಅಗಲಿಸಿ ಕೂರುವುದನ್ನು ನೋಡಿ ಚಪ್ಪಾಳೆ ಹೊಡೆಯುವಾಗ ಆ ಐದು ವರ್ಷಕ್ಕೂ ಒಂದು ಚಪ್ಪಾಳೆ ಇರಲಿ.

'ತಮಾಷೆ ಸಿನಿಮಾ ಅಲ್ವಾ ಸಾರ್'

ಗೊತ್ತು, ಈ ಮಾತು ಬರುತ್ತದೆ. ತಮಾಷೆಗೆ ಯಾಕೆ ಇಷ್ಟು ತಲೆಬಿಸಿ? ನಗುವ ಸಿನಿಮಾವನ್ನು ನಕ್ಕು ಬಿಡಬಾರದೇ?

ನಗೋಣ. ಆದರೆ ಯಾವುದನ್ನು ನೋಡಿ ನಗುತ್ತಿದ್ದೇವೆ ಅನ್ನುವುದನ್ನೂ ನೋಡೋಣ. ಬೀದಿ ಹುಡುಗ ಕೋಲು ಬೀಸಿದಾಗ ನಾವು ನಗುವುದು ಸಂಗೀತ ಕಲಿತವರ ಮೇಲೆ. 'ಇಷ್ಟೇನಾ ಇದು, ಕೈ ಬೀಸಿದರೆ ಆಯ್ತು' ಅಂತ. ಎದುರಿಗೆ ಕೂತು ಪಿಟೀಲು ನುಡಿಸುವ ಹತ್ತಾರು ಜನರ ಬೆರಳಿನ ಜಡ್ಡು ಆ ನಗುವಿನಲ್ಲಿ ಮಾಯವಾಗುತ್ತದೆ. ಮಕ್ಕಳು ಸಿನಿಮಾದ ಕಥೆ ನಂಬುವುದಿಲ್ಲ, ಅವರು ಅಷ್ಟು ದಡ್ಡರಲ್ಲ. ಕಥೆಯ ಕೆಳಗಿರುವ ನಂಬಿಕೆ ಮಾತ್ರ ಮನಸ್ಸಿನಲ್ಲಿ ಕೂತುಬಿಡುತ್ತದೆ. 'ಅವನಿಗೆ ಲೆಕ್ಕ ಹುಟ್ಟಿನಿಂದ ಬಂದೈತೆ ಸಾರ್, ನನಗೆ ಬರಲ್ಲ' ಅಂತ ಹುಡುಗ ಹೇಳುವುದು ಆ ನಂಬಿಕೆಯಿಂದಲೇ. ಎರಡು ಸಲ ತಪ್ಪಿದ ಕೂಡಲೇ ಸ್ಲೇಟು ಕೆಳಗಿಡುವುದು ಆ ನಂಬಿಕೆಯಿಂದಲೇ. ಹಾಡ್ತಾ ಹಾಡ್ತಾ ರಾಗ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ನಮ್ಮ ದಾರ, ನಮ್ಮ ಶಾಲೆ

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಗಡಿಯ ಈಚೆಗಿರುವ ನಮ್ಮನ್ನು ಈ ದಾರದ ನಂಬಿಕೆ ಎಲ್ಲರಿಗಿಂತ ಜಾಸ್ತಿ ಹಾಳು ಮಾಡುತ್ತಿದೆ.

ನಾವೂ ಒಂದು ತರಹ ಅವಳಿಗಳೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಹಳೆಯ ಬಳ್ಳಾರಿ ಜಿಲ್ಲೆ ಎರಡಾಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಒಂದೇ ಮನೆಯ ಅಕ್ಕ ಅತ್ತ, ತಂಗಿ ಇತ್ತ. ಅಂದಿನಿಂದ ಒಂದು ಮಾತು ಕೇಳುತ್ತಲೇ ಇದ್ದೇವೆ. ರಾಜ್ಯೋತ್ಸವದ ವೇದಿಕೆಗೆ ಅತ್ತ ಕಡೆಯಿಂದ ಬಂದವರು ಶಾಲು ಹೊದ್ದುಕೊಂಡು ಹೇಳುತ್ತಾರೆ: 'ಗಡಿನಾಡ ಕನ್ನಡಿಗರ ರಕ್ತದಲ್ಲೇ ಕನ್ನಡ ಇದೆ'. ಜೋರು ಚಪ್ಪಾಳೆ. ರಕ್ತದಲ್ಲೇ ಇದ್ದ ಮೇಲೆ ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬಂದರೆಷ್ಟು, ಬಿಟ್ಟರೆಷ್ಟು? ಖಾಲಿ ಬಿದ್ದ ಕನ್ನಡ ಮೇಷ್ಟ್ರ ಹುದ್ದೆ ತುಂಬಿದರೆಷ್ಟು, ಬಿಟ್ಟರೆಷ್ಟು? ಅಲ್ಲಿ ಅಣ್ಣ ಕೈ ಎತ್ತಿದರೆ ಇಲ್ಲಿ ತಮ್ಮನ ಕೈ ತಾನಾಗಿ ಎದ್ದುಬಿಡುತ್ತದಲ್ಲ!

ಬರೀ ಅತ್ತ ಕಡೆಯವರನ್ನು ಬೈದರೆ ಆಗಲಿಲ್ಲ. ನಮ್ಮ ಮನೆಯವರೂ ಅದನ್ನೇ ಹೇಳುತ್ತಾರೆ. 'ಮನೇಲಿ ಕನ್ನಡ ಮಾತಾಡ್ತೀವಲ್ಲ ಸಾರ್, ಅದು ಎಲ್ಲಿಗೆ ಹೋಗ್ತೈತೆ? ಓದೋದು ಬೇರೆದು ಓದಲಿ ಬಿಡಿ.' ಎಲ್ಲಿಗೆ ಹೋಗುತ್ತದೆ ಅಂತ ನಾನು ಹೇಳುತ್ತೇನೆ ಕೇಳಿ. ಮೊದಲು ಬರವಣಿಗೆ ಹೋಗುತ್ತದೆ. ಆಮೇಲೆ ಓದು ಹೋಗುತ್ತದೆ. ಆಮೇಲೆ ಅಡುಗೆಮನೆಯ ನಾಲ್ಕು ಮಾತು ಉಳಿದು, ಸಾವು, ಮದುವೆ, ಜಮೀನು, ಕಾಯಿಲೆಯ ಮಾತೆಲ್ಲ ಬೇರೆ ಭಾಷೆಗೆ ಹೋಗುತ್ತದೆ. ಅಜ್ಜ ಬರೆದಿಟ್ಟ ಲೆಕ್ಕದ ಪುಸ್ತಕವನ್ನು ಮೊಮ್ಮಗ ಚಿತ್ರ ನೋಡಿದ ಹಾಗೆ ನೋಡುತ್ತಾನೆ. ರಕ್ತ ಅದೇ. ಅಕ್ಷರ ಗೊತ್ತಿಲ್ಲ.

ಅವಳಿ ಅಂದಾಗ ನನಗೆ ಇನ್ನೂ ಒಂದು ಜೋಡಿ ನೆನಪಾಗುತ್ತದೆ, ಕನ್ನಡ ಲಿಪಿ ಮತ್ತು ತೆಲುಗು ಲಿಪಿ. ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಅಕ್ಕತಂಗಿಯರು. ನಮ್ಮ ಮಕ್ಕಳು ಎರಡನ್ನೂ ಬಸ್ಸಿನ ಬೋರ್ಡಿನಲ್ಲಿ, ಅಂಗಡಿಯ ಹೆಸರಿನಲ್ಲಿ ದಿನಾ ನೋಡುತ್ತಾರೆ. ಇಷ್ಟು ಹತ್ತಿರದ ಅವಳಿಯಾದರೂ ಒಂದು ಬಂದವರಿಗೆ ಇನ್ನೊಂದು ತಾನಾಗಿ ಬರುತ್ತದೆಯೇ? ಕೇಳಿ, ಕಾಪಿ ತಿದ್ದುವ ಯಾವ ಮೇಷ್ಟ್ರನ್ನಾದರೂ ಕೇಳಿ. ತಲೆಕಟ್ಟು ಅಡ್ಡ ಎಳೆಯುವ ಕಡೆ ತೆಲುಗಿನ ಹಾಗೆ ಓರೆಯಾಗಿ 'ರೈಟ್' ಗುರುತು ಹಾಕಿರುತ್ತಾರೆ. ಒಂದು ಸಾಲು ಆ ಕಡೆಯದು, ಒಂದು ಸಾಲು ಈ ಕಡೆಯದು. ಅದು ಮಕ್ಕಳ ತಪ್ಪಲ್ಲ. ಅವಳಿಯಾದರೂ ಬೇರೆ ಬೇರೆಯಾಗಿಯೇ ತಿದ್ದಿ ಕಲಿಯಬೇಕು ಅಂತ ಆ ಕಾಪಿ ಪುಸ್ತಕ ಹೇಳುತ್ತಿದೆ. ಹಾಗೆ ತಿದ್ದಿ ಕಲಿತ ಮಕ್ಕಳು ಎರಡನ್ನೂ ಮುತ್ತಿನ ಹಾಗೆ ಬರೆಯುತ್ತಾರೆ, ಅದನ್ನೂ ನಾವೆಲ್ಲ ನೋಡಿದ್ದೇವೆ. ಎರಡು ಲಿಪಿ ಬಲ್ಲ ಮಗು ಇಬ್ಬರ ಕೆಲಸ ಒಬ್ಬನೇ ಮಾಡುವ ನಿಜವಾದ ದ್ವಿಪಾತ್ರಧಾರಿ. ಆದರೆ ಯಾವ ದಾರದಿಂದಲೂ ಅದು ಬಂದಿಲ್ಲ. ಒಂದೊಂದು ಅಕ್ಷರ ಬರೆದು, ಅಳಿಸಿ, ಮತ್ತೆ ಬರೆದು ಬಂದದ್ದು.

'ನೂಲಿನಂತೆ ಸೀರೆ, ತಾಯಿಯಂತೆ ಮಗಳು' ಅನ್ನುತ್ತಾರೆ. ಗಾದೆಗೆ ಎದುರು ಹೇಳುವುದಿಲ್ಲ. ಆದರೆ ನೇಕಾರರ ಮನೆಯಲ್ಲಿ ಹೋಗಿ ಕೇಳಿ. ನೂಲು ಎಷ್ಟು ಒಳ್ಳೆಯದಾದರೂ ಹಾಸು ಹೂಡಿ, ಮಗ್ಗದಲ್ಲಿ ಕೂತು, ಲಾಳಿ ಎಸೆಯದೆ ಅದು ಸೀರೆಯಾಗಿದ್ದುಂಟೇ?

ಅದಕ್ಕೇ ಪೋಷಕರಲ್ಲಿ ಕೇಳಿಕೊಳ್ಳುತ್ತೇನೆ. ಮಕ್ಕಳಿಗೆ ಜಾಕಿ ಚಾನ್ ತೋರಿಸಿ, ಬೇಡ ಅನ್ನಬೇಡಿ. ಸಿನಿಮಾ ಮುಗಿದ ಮೇಲೆ ಆ ಮನುಷ್ಯ ಏಳನೇ ವರ್ಷದಿಂದ ಏನೇನು ಕಲಿತ, ಏನನ್ನು ಕಲಿಯಲು ಆಗಲಿಲ್ಲ, ಎರಡನ್ನೂ ಹೇಳಿ. ಮರುದಿನ ಬೆಳಿಗ್ಗೆ ಹದಿನೈದು ನಿಮಿಷ ಪಕ್ಕದಲ್ಲಿ ಕೂತು ಕನ್ನಡದ ಒಂದು ಪುಟ ಜೋರಾಗಿ ಓದಿಸಿ. ನಿಮಗೆ ಓದಲು ಬಾರದಿದ್ದರೂ ಚಿಂತೆ ಇಲ್ಲ, ಕೂತು ಕೇಳಿ. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ಶಾಲೆಗೆ ಶಾಲು ತರಬೇಡಿ, ಎರಡು ಕಥೆ ಪುಸ್ತಕ ತನ್ನಿ. ವೇದಿಕೆಯಲ್ಲಿ ರಕ್ತದ ಮಾತಾಡುವವರು ಬಂದರೆ ಎದ್ದು ನಿಂತು ವಿನಯದಿಂದಲೇ ಕೇಳಿ: 'ಸ್ವಾಮಿ, ರಕ್ತ ನಮ್ಮದು ನಾವು ನೋಡಿಕೊಳ್ಳುತ್ತೇವೆ. ಮೇಷ್ಟ್ರನ್ನು ಯಾವಾಗ ಕಳಿಸುತ್ತೀರಿ?'